ಸ್ತನ ಕ್ಯಾನ್ಸರ್ ರಿಪೋರ್ಟ್: ಪೆಥಾಲಜಿಸ್ಟ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಇವತ್ತು ಸಂಜೆ ಪೆಥಾಲಜಿಸ್ಟ್ ಮೇಡಂ ಗುಂಪಿನಲ್ಲಿ ಇರುತ್ತಾರೆ. ತೆಗೆದ ಗಂಟನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವವರು ಇವರೇ. ಇಆರ್, ಪಿಆರ್, ಹರ್-2, ಗ್ರೇಡ್ ಬಗ್ಗೆ ಕೇಳಿ. ಪೇಷಂಟ್ ಹೆಸರು, ಫೋನ್ ನಂಬರ್ ಬೇಡ. ಫಾರ್ವರ್ಡ್ ಅಂತೂ ಬೇಡವೇ ಬೇಡ.

ಕಾಫಿಪುಡಿ: ಮೇಡಂ, ನಮ್ಮ ಅತ್ತಿಗೆಗೆ ಇಆರ್, ಪಿಆರ್ ಎರಡೂ ಪಾಸಿಟಿವ್. ಮನೆಯಲ್ಲಿ ಎಲ್ಲರೂ ಅಳುತ್ತಿದ್ದಾರೆ.

ಡಾಕ್ಟರ್: ಇದು ಅಳುವಂಥ ಸುದ್ದಿ ಅಲ್ಲ. ಕ್ಯಾನ್ಸರ್ ಕೋಶಗಳು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನಿಗೆ ಸ್ಪಂದಿಸುವ ಥರದ್ದಾ, ಅಂದರೆ ಅವನ್ನು ಹಿಡಿಯುವ ರಿಸೆಪ್ಟರ್ (ಇಆರ್, ಪಿಆರ್) ಇವೆಯಾ ಅಂತ ಈ ಟೆಸ್ಟಿನಲ್ಲಿ ನೋಡುತ್ತೇವೆ. ರಿಸೆಪ್ಟರ್ ಇದ್ದ ಕೋಶ ಬಣ್ಣ ಹಿಡಿಯುತ್ತದೆ. 100 ಕೋಶದಲ್ಲಿ ಒಂದು ಬಣ್ಣ ಹಿಡಿದರೂ ಇಆರ್ ಪಾಸಿಟಿವ್. 1ರಿಂದ 10 ಇದ್ದರೆ ಲೋ ಪಾಸಿಟಿವ್ ಅಂತ ಬರೆಯುತ್ತೇವೆ. ಪಾಸಿಟಿವ್ ಇದ್ದವರಿಗೆ ಟ್ಯಾಮಾಕ್ಸಿಫೆನ್, ಲೆಟ್ರೋಜೋಲ್ ಥರದ ಮಾತ್ರೆಗಳ ದಾರಿ ಇರುತ್ತದೆ.

ಮಲ್ನಾಡ್ ಹುಡುಗ: ಅಕ್ಕನಿಗೆ ಹರ್-2 ಅಂತ 2+ ಬಂದಿದೆ. ಪಾಸಿಟಿವ್ವಾ, ನೆಗೆಟಿವ್ವಾ?

ಡಾಕ್ಟರ್: ಎರಡೂ ಅಲ್ಲ. ಹರ್-2 ಅಂದರೆ ಕೋಶ ಬೆಳೆಯುವುದಕ್ಕೆ ಕುಮ್ಮಕ್ಕು ಕೊಡುವ ಒಂದು ಪ್ರೋಟೀನ್. 0, 1+ ಆದರೆ ನೆಗೆಟಿವ್, 3+ ಆದರೆ ಪಾಸಿಟಿವ್. 2+ ಬಂದರೆ ಹರ್-2 ಜೀನ್ ಎಷ್ಟಿದೆ ಅಂತ ಎಣಿಸುವ ಫಿಶ್ ಅನ್ನುವ ಟೆಸ್ಟ್ ಮಾಡಿಸಬೇಕು. ಅದಾಗದೆ ಹರ್-2 ಪಾಸಿಟಿವ್ ಇದ್ದವರಿಗೆ ಕೊಡುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಬೇಕೋ ಬೇಡವೋ ಹೇಳುವುದಕ್ಕೆ ಆಗಲ್ಲ.

ಮಲ್ನಾಡ್ ಹುಡುಗ: ಫಿಶ್‌ಗೆ ಎಷ್ಟಾಗುತ್ತೆ ಮೇಡಂ? ಸರ್ಕಾರಿ ಕಾರ್ಡ್ ನಡೆಯುತ್ತಾ?

ಅಮ್ಮನ ಮಗಳು: ಮೇಡಂ, ಅಮ್ಮನಿಗೆ 62. ಗಂಟು 1.6 ಸೆಂ.ಮೀ., ಲೋಬ್ಯುಲಾರ್, ಗ್ರೇಡ್ 1. ಕಂಕುಳ ಗ್ರಂಥಿಗಳಲ್ಲಿ ಏನೂ ಇಲ್ಲ. ಕೆಐ-67 5%. ಆದರೆ ಇಆರ್ 0, ಪಿಆರ್ 0, ಹರ್-2 0. ಟ್ರಿಪಲ್ ನೆಗೆಟಿವ್, ಕೀಮೋ ಬೇಕೇ ಬೇಕು ಅಂದಿದ್ದಾರೆ. ಸೋಮವಾರ ಶುರು.

ಡಾಕ್ಟರ್: ಆಪರೇಷನ್ ಯಾವ ವಾರ ಆಯ್ತು? ಗಂಟನ್ನು ಲ್ಯಾಬಿಗೆ ಯಾರು ತಗೊಂಡು ಹೋದರು? ಡಬ್ಬಿಯಲ್ಲಿ ಏನಿತ್ತು?

ಅಮ್ಮನ ಮಗಳು: ಶನಿವಾರ ಮಧ್ಯಾಹ್ನ ಆಯ್ತು. ಡಬ್ಬಿ ನಮ್ಮ ಕೈಗೇ ಕೊಟ್ಟರು. ಭಾನುವಾರ ಲ್ಯಾಬ್ ರಜಾ. ಸೋಮವಾರ ಅಣ್ಣ ಬಸ್ಸಿನಲ್ಲಿ ತಗೊಂಡು ಹೋದ. ಸ್ವಲ್ಪ ನೀರಿನ ಥರ ಇತ್ತು, ವಾಸನೆ ಏನೂ ಇರಲಿಲ್ಲ.

ಡಾಕ್ಟರ್: ವಾಸನೆ ಇರಲಿಲ್ಲ ಅಂದರೆ ಅದು ತುಂಡನ್ನು ಕೆಡದಂತೆ ಇಡುವ ಫಾರ್ಮಲಿನ್ ಅಲ್ಲ. ಫಾರ್ಮಲಿನ್ ಆಗಿದ್ದರೆ ಮುಚ್ಚಳ ತೆಗೆದ ಕೂಡಲೇ ಕಣ್ಣು ಉರಿಯುತ್ತೆ. ಬಹುಶಃ ಸಲೈನ್, ಅಂದರೆ ಉಪ್ಪುನೀರು.

ಈ ರಿಪೋರ್ಟ್ ನನಗೆ ಸರಿಹೋಗುತ್ತಿಲ್ಲ. ಗ್ರೇಡ್ 1 (ಕೋಶಗಳು ಸಹಜ ಕೋಶಗಳನ್ನೇ ಹೋಲುತ್ತವೆ), ಲೋಬ್ಯುಲಾರ್ (ಹಾಲಿನ ಗ್ರಂಥಿಯಲ್ಲಿ ಹುಟ್ಟುವ ಬಗೆ), ಕೆಐ-67 ಕಡಿಮೆ, ಅಂದರೆ ನಿಧಾನವಾಗಿ ಬೆಳೆಯುವ ಗಂಟು, 62 ವಯಸ್ಸು. ಇಂಥ ಗಂಟು ಸಾಮಾನ್ಯವಾಗಿ ಇಆರ್ ಪಾಸಿಟಿವ್ ಆಗಿಯೇ ಇರುತ್ತದೆ. ನೆಗೆಟಿವ್ ಬರುವುದು ಅಪರೂಪ. ಬಂದರೆ ನಾವು ಮೊದಲು ಟೆಸ್ಟನ್ನೇ ಅನುಮಾನಿಸಬೇಕು.

ದೇಹದಿಂದ ತೆಗೆದ ಗಂಟನ್ನು ಒಂದು ಗಂಟೆಯೊಳಗೆ ಹೋಳು ಮಾಡಿ, 10% ಫಾರ್ಮಲಿನ್‌ನಲ್ಲಿ ಮುಳುಗಿಸಬೇಕು. ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಇಡಿಯಾಗಿ ಹಾಕಿದರೆ ಒಳಗಿನವರೆಗೆ ಇಳಿಯುವುದಕ್ಕೆ ತುಂಬಾ ಹೊತ್ತು ಬೇಕು. ಅಷ್ಟರಲ್ಲಿ ಒಳಗಿನ ಭಾಗ ಕೆಡುತ್ತದೆ, ರಿಸೆಪ್ಟರ್ ಇದ್ದರೂ ಬಣ್ಣ ಹಿಡಿಯಲ್ಲ. ಆಗ ಬರುವ ಸೊನ್ನೆಗೆ ಬೆಲೆಯಿಲ್ಲ.

ಪರೀಕ್ಷಿಸುವುದಕ್ಕೆ ಒಂದು ದಾರಿ ಇದೆ. ಗಂಟಿನ ಪಕ್ಕದ, ಕ್ಯಾನ್ಸರ್ ಇಲ್ಲದ ಹಾಲಿನ ನಾಳಗಳಲ್ಲಿ ಕೆಲವು ಕೋಶಗಳಾದರೂ ಇಆರ್ ಬಣ್ಣ ಹಿಡಿಯಲೇಬೇಕು. ಅದನ್ನು ಇಂಟರ್ನಲ್ ಕಂಟ್ರೋಲ್ ಅಂತೀವಿ. ನಿಮ್ಮ ರಿಪೋರ್ಟಿನಲ್ಲಿ ಅದರ ಬಗ್ಗೆ ಏನು ಬರೆದಿದ್ದಾರೆ?

ಅಮ್ಮನ ಮಗಳು: ಏನೂ ಬರೆದಿಲ್ಲ.

ಡಾಕ್ಟರ್: ಹ್ಞೂಂ. ಆಪರೇಷನ್‌ಗೆ ಮುಂಚೆ ದಪ್ಪ ಸೂಜಿ ಹಾಕಿ ಬಯಾಪ್ಸಿ ಮಾಡಿದ್ದರಾ?

ಶೆಟ್ರು: ಬಯಾಪ್ಸಿ ಮಾಡಿಸಲೇಬೇಡಿ! ಸೂಜಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ. ಲಕ್ಷ್ಮಣ ಫಲದ ಎಲೆ ಕಷಾಯ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ. 10 ಜನಕ್ಕೆ ಕಳಿಸಿ.

ಮಲ್ನಾಡ್ ಹುಡುಗ: ಶೆಟ್ರೇ, ಅಡ್ಮಿನ್ ಬರೆದಿದ್ದು ಓದಲಿಲ್ವಾ?

ಶೆಟ್ರು: ಒಳ್ಳೆಯದು ಹೇಳಿದರೆ ನಿಮಗೆ ಯಾಕ್ರೀ ಉರಿ? ನಮ್ಮ ಭಾವನಿಗೆ ಗುಣ ಆಗಿದೆ.

ನಿವೃತ್ತ ಮೇಷ್ಟ್ರು: ಭಾವನಿಗೆ ಯಾವ ಕ್ಯಾನ್ಸರ್? ರಿಪೋರ್ಟ್ ಇದೆಯಾ?

ಶೆಟ್ರು: ಎಲ್ಲದಕ್ಕೂ ರಿಪೋರ್ಟ್ ಕೇಳುವವರು ದೇವರಿಗೂ ರಿಪೋರ್ಟ್ ಕೇಳ್ತೀರಾ?

ಡಾಕ್ಟರ್: ಆ 10,000 ಪಟ್ಟಿನ ಕಥೆ ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮೇಲಿನ ಪ್ರಯೋಗದ್ದು, ಮನುಷ್ಯರ ಮೇಲಿನದ್ದಲ್ಲ. ಆ ಗಿಡದಲ್ಲಿ ನರಕ್ಕೆ ತೊಂದರೆ ಮಾಡುವ ಅನೋನಾಸಿನ್ ಇದೆ. ಗ್ವಾಡೆಲೋಪ್ ದ್ವೀಪದಲ್ಲಿ ಅದನ್ನು ಜಾಸ್ತಿ ಬಳಸುವವರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆ ಕಂಡಿದ್ದಾರೆ. ಸೂಜಿಯಿಂದ ಹರಡುತ್ತೆ ಅನ್ನುವ ಹೆದರಿಕೆಯಲ್ಲಿ ಜನ ತಿಂಗಳುಗಟ್ಟಲೆ ಕಾದು, ಗಂಟು ಒಡೆದ ಮೇಲೆ ಬರುತ್ತಾರೆ. ಅದನ್ನು ನೋಡುವವರು ನಾವು. ದಯವಿಟ್ಟು ಅಳಿಸಿ.

ಕರಾವಳಿ ಅಕ್ಕ: ಇಆರ್ ಪಾಸಿಟಿವ್ ಅಂದ್ರೆ ಕೆಟ್ಟದ್ದಾ ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಅಮ್ಮನ ಮಗಳು: ಹೌದು ಮೇಡಂ, ಸೂಜಿ ಬಯಾಪ್ಸಿ ಮಾಡಿದ್ದರು, ಬೇರೆ ಲ್ಯಾಬಿನಲ್ಲಿ. ಕ್ಯಾನ್ಸರ್ ಅಂತ ಮಾತ್ರ ಬರೆದಿದ್ದರು. ಇಆರ್ ಮಾಡಿರಲಿಲ್ಲ.

ಡಾಕ್ಟರ್: ಒಳ್ಳೆಯದಾಯಿತು. ಆ ತುಂಡು ಸಣ್ಣದು, ಫಾರ್ಮಲಿನ್ ಬೇಗ ಇಳಿದಿರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿಟ್ಟ ಬ್ಲಾಕ್ ಆ ಲ್ಯಾಬಿನಲ್ಲಿ ಇರಬೇಕು. ಬರೆದುಕೊಟ್ಟು ಕೇಳಿ. ಇಆರ್, ಪಿಆರ್, ಹರ್-2 ಮೂರನ್ನೂ ಅದರ ಮೇಲೆ ಮಾಡಿಸಿ. ಬೇರೆ ಪೆಥಾಲಜಿಸ್ಟ್‌ಗೆ ತೋರಿಸುವಾಗ ಆಪರೇಷನ್ನಿನ ಬ್ಲಾಕ್, ಸ್ಲೈಡ್ ಕೂಡ ಕೊಡಿ.

ಕಾಫಿಪುಡಿ: ಅತ್ತಿಗೆಗೆ ಟ್ಯಾಮಾಕ್ಸಿಫೆನ್ ಶುರುವಾದ ಮೇಲೆ ಮೈ ಬಿಸಿ, ನಿದ್ದೆ ಇಲ್ಲ. ಪಕ್ಕದ ಮನೆಯವರು ಪ್ಯಾರೊಕ್ಸಿಟಿನ್ ಮಾತ್ರೆ ಒಳ್ಳೆಯದು ಅಂದರು.

ಡಾಕ್ಟರ್: ಬೇಡ. ಅದು ಟ್ಯಾಮಾಕ್ಸಿಫೆನ್ ದೇಹದಲ್ಲಿ ಕೆಲಸಕ್ಕೆ ಬರುವ ರೂಪಕ್ಕೆ ಬದಲಾಗುವುದನ್ನೇ ತಡೆಯುತ್ತದೆ. ಫ್ಲೂಆಕ್ಸಿಟಿನ್ ಕೂಡ ಹಾಗೇ. ಬೇರೆ ಮಾತ್ರೆಗಳಿವೆ, ನಿಮ್ಮ ಆಂಕಾಲಜಿಸ್ಟ್‌ರನ್ನು ಕೇಳಿ.

ಶೆಟ್ರು: ನೋಡಿದ್ರಾ, ಇವರ ಮಾತ್ರೆಗಳೇ ಒಂದಕ್ಕೊಂದು ಜಗಳ ಆಡುತ್ತವೆ.

ನಿವೃತ್ತ ಮೇಷ್ಟ್ರು: ನೀವು ಆಡುವುದಕ್ಕಿಂತ ಕಡಿಮೆ.

ಶೆಟ್ರು: ಮೇಷ್ಟ್ರೇ, ಮಾತು ನೆಟ್ಟಗಿರಲಿ.

ಕರಾವಳಿ ಅಕ್ಕ: ಇಬ್ಬರೂ ಸುಮ್ಮನಿರ್ತೀರಾ? ಇಲ್ಲಿ ಒಬ್ಬಳ ಅಮ್ಮನ ವಿಷಯ ನಡೀತಿದೆ.

ಅಮ್ಮನ ಮಗಳು: ಮೇಡಂ, ಸೋಮವಾರದ ಕೀಮೋ ನಿಲ್ಲಿಸಲಾ?

ಡಾಕ್ಟರ್: ನೀವಾಗಿಯೇ ನಿಲ್ಲಿಸಬೇಡಿ, ನನ್ನ ಮಾತು ಕೇಳಿ ಕೂಡ ನಿಲ್ಲಿಸಬೇಡಿ. ನಾನು ಸ್ಲೈಡ್ ನೋಡಿಲ್ಲ. ನಾಳೆ ಬೆಳಿಗ್ಗೆಯೇ ಆಂಕಾಲಜಿಸ್ಟ್ ಹತ್ತಿರ ಹೋಗಿ. “ಗ್ರೇಡ್ 1 ಲೋಬ್ಯುಲಾರ್, ಇಆರ್ ಸೊನ್ನೆ, ಡಬ್ಬಿ ಎರಡು ದಿನ ಫಾರ್ಮಲಿನ್ ಇಲ್ಲದೆ ಇತ್ತು, ಸೂಜಿ ಬಯಾಪ್ಸಿ ಬ್ಲಾಕ್ ಇದೆ” ಅಂತ ಹೀಗೇ ಹೇಳಿ. ಟೆಸ್ಟಿಗೆ ಸಾಮಾನ್ಯವಾಗಿ ಕೆಲವೇ ದಿನ ಸಾಕು. ಅಷ್ಟು ದಿನ ಕಾಯಬಹುದಾ ಅಂತ ಅವರೇ ನಿರ್ಧರಿಸಲಿ. ಮತ್ತೆ ನೆಗೆಟಿವ್ ಬಂದರೆ ಕೀಮೋ ಬೇಡ ಅಂತ ಹಟ ಮಾಡಬೇಡಿ. ಪಾಸಿಟಿವ್ ಬಂದರೆ ನಿಮ್ಮ ಅಮ್ಮನಿಗೆ ಬಹುಶಃ ಮಾತ್ರೆಯೇ ಮುಖ್ಯ ಔಷಧಿ ಆಗುತ್ತದೆ.

ಅಮ್ಮನ ಮಗಳು: ಅಣ್ಣನಿಗೆ ಈಗಲೇ ಫೋನ್ ಮಾಡ್ತೀನಿ.

ಹೊಸ ಸದಸ್ಯ: ನಮಸ್ತೆ, ಇಆರ್ ಅಂದ್ರೆ ಏನು ಮೇಡಂ? ಗೋಧಿ ಹುಲ್ಲಿನ ರಸ ಕುಡಿದರೆ ನೆಗೆಟಿವ್ ಆಗುತ್ತಂತೆ?

ಡಾಕ್ಟರ್: ಅಡ್ಮಿನ್, ನಾನು ಹೊರಟೆ.

ಮಲ್ನಾಡ್ ಹುಡುಗ: ಮೇಡಂ, ಫಿಶ್ ಖರ್ಚು?