ಗಿಟ್ ಅಲಿಯಾಸ್‌ಗೆ ಮೆಸೇಜ್ ಕೊಟ್ಟರೆ ‘ಪಾಥ್‌ಸ್ಪೆಕ್’ ಎರರ್

ಪ್ರಶ್ನೆ:
ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಆ್ಯಡ್ (ಬದಲಾದ ಫೈಲ್ ಆರಿಸುವುದು), ಕಮಿಟ್ (ಮೆಸೇಜ್ ಸಮೇತ ದಾಖಲಿಸುವುದು) ಎರಡನ್ನೂ ಪದೇ ಪದೇ ಟೈಪ್ ಮಾಡಿ ಬೇಜಾರಾಗಿ ‘ಸೇವ್’ ಅಂತ ಒಂದು ಅಲಿಯಾಸ್ (ಕಮಾಂಡ್‌ಗೆ ಇಡುವ ಅಡ್ಡಹೆಸರು) ಮಾಡಿಕೊಂಡೆ. (ಕಮಾಂಡ್‌ಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ.)

!ಗಿಟ್ ಆ್ಯಡ್ . && ಗಿಟ್ ಕಮಿಟ್ -ಎಮ್ "$1"

ಗಿಟ್ ಸೇವ್ "ಲಾಗಿನ್ ಸರಿಪಡಿಸಿದೆ" ಅಂತ ಕೊಟ್ಟರೆ, ಆ ಮೆಸೇಜನ್ನೇ ಪಾಥ್‌ಸ್ಪೆಕ್ (ಫೈಲಿನ ಹೆಸರು ಅಥವಾ ದಾರಿ) ಅಂದುಕೊಂಡು ಅಂಥ ಫೈಲ್ ಇಲ್ಲ ಎನ್ನುತ್ತದೆ. ಸ್ಟೇಟಸ್‌ಗೆ ಇಟ್ಟಿರುವ ‘ಎಸ್‌ಟಿ’ ಮಾತ್ರ ಸರಿಯಾಗಿ ಓಡುತ್ತದೆ. ಇದಕ್ಕೇನಾಗಿದೆ?

ಉತ್ತರ:
ಎಸ್‌ಟಿ ಬರೀ ಅಡ್ಡಹೆಸರು. ಸೇವ್‌ನಲ್ಲಿರುವಂತೆ ಮುಂದೆ ! ಹಾಕಿದರೆ ಅದು ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಪ್ರೋಗ್ರಾಂ) ಕಮಾಂಡ್ ಆಗುತ್ತದೆ. ನಿಮ್ಮ ಮೆಸೇಜ್ $1 (ಅಲಿಯಾಸ್ ಜೊತೆ ಕೊಟ್ಟ ಮೊದಲ ಮಾತು) ಇರುವ ಜಾಗಕ್ಕೂ ಹೋಗುತ್ತದೆ, ಸಾಲಿನ ಕೊನೆಗೆ ಇನ್ನೊಮ್ಮೆ ಅಂಟಿಕೊಳ್ಳುತ್ತದೆ. ಕೊನೆಗೆ ಓಡುವುದು ಇದು:

ಗಿಟ್ ಕಮಿಟ್ -ಎಮ್ "ಲಾಗಿನ್ ಸರಿಪಡಿಸಿದೆ" "ಲಾಗಿನ್ ಸರಿಪಡಿಸಿದೆ"

ಎರಡನೆಯದನ್ನು ಫೈಲ್ ಅಂತ ಹುಡುಕದೆ ಗಿಟ್ ಇನ್ನೇನು ಮಾಡೀತು! "$1" ಅಳಿಸಿಬಿಡಿ, ಸಾಕು.

ಮರುಪ್ರಶ್ನೆ:
ಅಳಿಸಿದೆ, ಓಡಿತು. ಆದರೆ ಕಮಿಟ್ ಆದಮೇಲೆ ಪುಶ್ (ಸರ್ವರ್‌ಗೆ ಕಳಿಸುವುದು) ಕೂಡ ಬೇಕು. ಆಗ ಮೆಸೇಜ್ ನಡುವೆ ಬರಬೇಕಲ್ವಾ? ಫಂಕ್ಷನ್ ಮಾಡಿ ಗಿಟ್‌ನ ಸೆಟ್ಟಿಂಗ್‌ಗಳಿರುವ ಗಿಟ್‌ಕಾನ್ಫಿಗ್ ಫೈಲಿನಲ್ಲೇ ಬರೆದೆ. ಈಗ ‘ಫೈಲ್ ಅರ್ಧಕ್ಕೇ ಮುಗಿಯಿತು’ ಎಂಬಂಥ ಸಿಂಟ್ಯಾಕ್ಸ್ ಎರರ್.

ಸೇವ್ = !ಎಫ್() { ಗಿಟ್ ಆ್ಯಡ್ . && ಗಿಟ್ ಕಮಿಟ್ -ಎಮ್ "$1" && ಗಿಟ್ ಪುಶ್; }; ಎಫ್

ಉತ್ತರ:
ಫಂಕ್ಷನ್ ಸರಿಯಾಗಿದೆ. ತೊಂದರೆ ; ಚಿಹ್ನೆಯದು. ಕಾನ್ಫಿಗ್ ಫೈಲಿನಲ್ಲಿ ಕೋಟ್ ಇಲ್ಲದೆ ; ಅಥವಾ # ಬಂದರೆ ಅಲ್ಲಿಂದಾಚೆಗೆಲ್ಲ ಕಾಮೆಂಟ್. ಹಾಗಾಗಿ ‘ಪುಶ್’ ಆದಮೇಲಿನದನ್ನು ಗಿಟ್ ಓದೇ ಇಲ್ಲ, ಬ್ರಾಕೆಟ್ ಮುಚ್ಚಲಿಲ್ಲ. ಪೂರ್ತಿ ಸಾಲಿಗೆ ಡಬಲ್ ಕೋಟ್ ಹಾಕಿ, ಒಳಗಿನ ಪ್ರತಿ ಕೋಟ್‌ಗೂ ಮೊದಲು \ ಸೇರಿಸಿ:

ಸೇವ್ = "!ಎಫ್() { ಗಿಟ್ ಆ್ಯಡ್ . && ಗಿಟ್ ಕಮಿಟ್ -ಎಮ್ \"$1\" && ಗಿಟ್ ಪುಶ್; }; ಎಫ್"

ಟರ್ಮಿನಲ್‌ನಿಂದಲೇ ಗಿಟ್ ಕಾನ್ಫಿಗ್ ಕೊಟ್ಟು ಸೇರಿಸುವುದಾದರೆ ಹೊರಗೆ ಸಿಂಗಲ್ ಕೋಟ್ ಹಾಕಿ, ಆಗ \ ಬೇಡ. ಅಲ್ಲಿ ಡಬಲ್ ಕೋಟ್ ಹಾಕಿದರೆ $1 ಅನ್ನು ನಿಮ್ಮ ಶೆಲ್ ಆಗಲೇ ನುಂಗಿಬಿಡುತ್ತದೆ, ಬ್ಯಾಶ್ ಶೆಲ್ ಆದರೆ ! ನೋಡಿ ಹಿಸ್ಟರಿ (ಹಿಂದೆ ಕೊಟ್ಟ ಕಮಾಂಡ್‌ಗಳ ಪಟ್ಟಿ) ಹುಡುಕಲು ಹೋಗುತ್ತದೆ.

ಇನ್ನೊಂದು ಮಾತು, ನೀವು ಕೇಳಿಲ್ಲ. ! ಇರುವ ಅಲಿಯಾಸ್ ಯಾವಾಗಲೂ ರೆಪೊದ (ಗಿಟ್ ನೋಡಿಕೊಳ್ಳುವ ಇಡೀ ಪ್ರಾಜೆಕ್ಟ್‌ನ) ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನಿಂದ ಓಡುತ್ತದೆ. ಒಳಗಿನ ಫೋಲ್ಡರ್‌ನಲ್ಲಿ ನಿಂತು ಸೇವ್ ಕೊಟ್ಟರೂ ‘ಆ್ಯಡ್ .’ ಇಡೀ ರೆಪೊವನ್ನೇ ಸೇರಿಸುತ್ತದೆ. ಪಾಸ್‌ವರ್ಡ್ ಇರುವ ಫೈಲ್ ಎಲ್ಲಾದರೂ ಬಿದ್ದಿದ್ದು, ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಬಿಟ್ಟುಬಿಡಬೇಕಾದ ಫೈಲ್‌ಗಳ ಪಟ್ಟಿ) ಇಲ್ಲದಿದ್ದರೆ ಅದೂ ಪುಶ್ ಆಗಿಬಿಡುತ್ತದೆ. ನಾನಾದರೆ ‘ಆ್ಯಡ್ -ಯು’ ಇಡುತ್ತೇನೆ. ಈಗಾಗಲೇ ಟ್ರ್ಯಾಕ್ ಆಗುತ್ತಿರುವ ಫೈಲ್‌ಗಳಷ್ಟೇ ಸೇರುತ್ತವೆ. ಹೊಸ ಫೈಲ್ ಇದ್ದರೆ ಕೈಯಾರೆ ಆ್ಯಡ್ ಮಾಡಿಕೊಳ್ಳಿ.