ತೋಟದ ಪಂಪ್ ನಿಯಂತ್ರಕದಲ್ಲಿ ಇನ್‌ಪುಟ್ ಪಿನ್ ಸುಡುವುದೇಕೆ?

ಪ್ರಶ್ನೆ (ಹೊಳಲ್ಕೆರೆ ತಾಲ್ಲೂಕಿನಿಂದ): ನಮ್ಮ ಅಡಿಕೆ ತೋಟದ ಬೋರ್‌ವೆಲ್ ಪಂಪ್ ತಾನಾಗಿಯೇ ಚಾಲೂ ಆಗಿ ತಾನಾಗಿಯೇ ನಿಲ್ಲುವಂತೆ ಆರ್ಡುಯಿನೊ ಉನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನಿಂದ ಒಂದು ನಿಯಂತ್ರಕವನ್ನು ಕಟ್ಟಿದ್ದೇನೆ. ತೊಟ್ಟಿಯ ನೀರಿನ ಮಟ್ಟಕ್ಕೆ ತಕ್ಕಂತೆ ಮುಚ್ಚಿ ತೆರೆಯುವ ಫ್ಲೋಟ್ ಸ್ವಿಚ್ಚಿನಿಂದ ಪಂಪ್‌ಮನೆಗೆ ಸುಮಾರು 150 ಮೀಟರ್ ತಂತಿ ಎಳೆದಿದ್ದು, ಸ್ವಿಚ್ ಮುಚ್ಚಿದಾಗ ಅದರಲ್ಲಿ 24 ವೋಲ್ಟ್ ಡಿ.ಸಿ. ಬರುತ್ತದೆ. 4.7 ಕಿಲೋಓಮ್ ಮತ್ತು 1 ಕಿಲೋಓಮ್ ರೆಸಿಸ್ಟರುಗಳಿಂದ ಅದನ್ನು 4.2 ವೋಲ್ಟಿಗೆ ಇಳಿಸಿ ಬೋರ್ಡಿನ ಒಂದು ಇನ್‌ಪುಟ್ ಪಿನ್ನಿಗೆ ಕೊಟ್ಟಿದ್ದೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಆ ಪಿನ್ ಕೆಟ್ಟಿತು. ಉಳಿದ ಪಿನ್ನುಗಳು ಸರಿಯಾಗಿವೆ. ಇದು ಮಾತ್ರ ಸ್ವಿಚ್ ತೆರೆದಿದ್ದರೂ ‘ಹೈ’ ಎಂದೇ ತೋರಿಸುತ್ತದೆ. ವೋಲ್ಟೇಜ್ ಒಂದು ಮಿತಿ ದಾಟದಂತೆ ಹಿಡಿಯುವ 5.1 ವೋಲ್ಟಿನ ಝೀನರ್ ಡಯೋಡ್ ಒಂದನ್ನು ಹಾಕಿದರೆ ಸಾಕು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ನಿಜವಾಗಿಯೂ ಅಷ್ಟು ಸಾಕೇ?

ಉತ್ತರ: ಸಾಲದು. ಏಕೆ ಸಾಲದು ಎಂಬುದನ್ನು ಅರಿಯಲು ಪಿನ್ನಿನ ಒಳಗೆ ಏನಿದೆ ಎಂಬುದನ್ನು ನೋಡಬೇಕು. ಉನೊದಲ್ಲಿರುವ ಎಟಿಮೆಗಾ 328ಪಿ ಚಿಪ್ಪಿನ ಪ್ರತಿ ಪಿನ್ನಿಗೂ ಎರಡು ಚಿಕ್ಕ ಡಯೋಡುಗಳಿರುತ್ತವೆ. ಒಂದು 5 ವೋಲ್ಟ್ ಸಾಲಿನ ಕಡೆಗೆ, ಇನ್ನೊಂದು ಗ್ರೌಂಡ್ ಕಡೆಗೆ. ಪಿನ್ನಿನ ವೋಲ್ಟೇಜ್ ಸರಬರಾಜಿಗಿಂತ ಅರ್ಧ ವೋಲ್ಟಿನಷ್ಟು ಮೇಲೇರಿದರೆ ಅಥವಾ ಗ್ರೌಂಡಿಗಿಂತ ಅಷ್ಟೇ ಕೆಳಗಿಳಿದರೆ ಈ ಡಯೋಡುಗಳು ತೆರೆದುಕೊಂಡು ಹೆಚ್ಚುವರಿ ಕರೆಂಟನ್ನು ಪಕ್ಕಕ್ಕೆ ಹರಿಯಬಿಡುತ್ತವೆ. ಆದ್ದರಿಂದ ಪಿನ್ನನ್ನು ಸಾಮಾನ್ಯವಾಗಿ ಕೊಲ್ಲುವುದು ಬರಿಯ ವೋಲ್ಟೇಜ್ ಅಲ್ಲ, ಆ ಡಯೋಡುಗಳ ಮೂಲಕ ತಡೆಯಿಲ್ಲದೆ ನುಗ್ಗುವ ಕರೆಂಟು. ಪಿನ್ನಿಗೆ 40 ಮಿಲಿಆಂಪ್ ತಾಳುವ ಶಕ್ತಿಯಿದೆ ಎಂದು ಹಲವರು ಹೇಳುತ್ತಾರೆ. ಆದರೆ ಅದು ಪಿನ್ ಔಟ್‌ಪುಟ್ ಆಗಿರುವಾಗಿನ ಪರಮಾವಧಿ ಮಿತಿಯೇ ಹೊರತು ಈ ಡಯೋಡುಗಳದ್ದಲ್ಲ. ಎ.ಸಿ. ಅಲೆ ಸೊನ್ನೆ ದಾಟುವುದನ್ನು ಗುರುತಿಸುವ ಸರ್ಕ್ಯೂಟಿನ ಬಗ್ಗೆ ಆ ಚಿಪ್ಪಿನ ತಯಾರಕರೇ ಪ್ರಕಟಿಸಿದ ಟಿಪ್ಪಣಿಯಲ್ಲಿ, ಈ ಡಯೋಡುಗಳಲ್ಲಿ 1 ಮಿಲಿಆಂಪಿಗಿಂತ ಹೆಚ್ಚು ಹರಿಸಬಾರದೆಂದು ಸಲಹೆ ಮಾಡಲಾಗಿದೆ. ನಾನು ಲೆಕ್ಕ ಹಾಕುವುದು ಆ 1 ಮಿಲಿಆಂಪನ್ನು ಇಟ್ಟುಕೊಂಡೇ.

ಈಗ ನಿಮ್ಮ ಸರ್ಕ್ಯೂಟನ್ನು ನೋಡೋಣ. 24 ವೋಲ್ಟ್ ಇರುವಷ್ಟು ಹೊತ್ತು ಎಲ್ಲವೂ ಸರಿಯಾಗಿದೆ. ಆದರೆ ಬಯಲಿನಲ್ಲಿ ಹಾದುಹೋಗುವ 150 ಮೀಟರ್ ತಂತಿಯ ಹತ್ತಿರ ಸಿಡಿಲು ಹೊಡೆದಾಗ ಕ್ಷಣಮಾತ್ರ ನೂರಾರು ವೋಲ್ಟ್ ಹುಟ್ಟಬಲ್ಲದು. 500 ವೋಲ್ಟ್ ಎಂದಿಟ್ಟುಕೊಂಡರೂ ನಿಮ್ಮ 4.7 ಕಿಲೋಓಮ್ ರೆಸಿಸ್ಟರಿನ ಮೂಲಕ ಸುಮಾರು 105 ಮಿಲಿಆಂಪ್ ನುಗ್ಗುತ್ತದೆ. ಅದರಲ್ಲಿ 5 ಮಿಲಿಆಂಪಿನಷ್ಟು ಮಾತ್ರ 1 ಕಿಲೋಓಮ್ ಮೂಲಕ ಇಳಿದು, ಮಿಕ್ಕ 100 ಮಿಲಿಆಂಪ್ ಪಿನ್ನಿನೊಳಗೇ ಹೋಗುತ್ತದೆ. ಪಂಪಿಗೆ ವಿದ್ಯುತ್ ಕೊಟ್ಟು ತೆಗೆಯುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಬಿಡುವಾಗ ಅದರ ಕಾಯಿಲ್ ಕೊಡುವ ಹೊಡೆತವೂ, ಮೋಟಾರ್ ಕೇಬಲ್ಲಿನ ಜೊತೆಯಲ್ಲೇ ಸಿಗ್ನಲ್ ತಂತಿಯನ್ನು ಎಳೆದಿದ್ದರೆ, ಇದೇ ದಾರಿಯಲ್ಲಿ ಬರುತ್ತದೆ.

ಝೀನರ್ ಒಂದನ್ನೇ ಹಾಕಿದರೆ ಪಿನ್ನಿನ ಹೊರೆ ಕಡಿಮೆಯಾಗುತ್ತದೆ, ನಿಜ. ಆದರೆ ತೊಟ್ಟಿಯ ಬಳಿಯ ನೆಲಕ್ಕೂ ಪಂಪ್‌ಮನೆಯ ನೆಲಕ್ಕೂ ನಡುವೆ ಸಿಡಿಲಿನ ಹೊತ್ತಿನಲ್ಲಿ ಉಂಟಾಗುವ ವ್ಯತ್ಯಾಸವನ್ನು ಅದು ನಿಭಾಯಿಸಲಾರದು, ಏಕೆಂದರೆ ಅದು ತಾನು ಹಿಡಿದ ಕರೆಂಟನ್ನು ನಿಮ್ಮ ಬೋರ್ಡಿನ ಗ್ರೌಂಡಿಗೇ ಸುರಿಯುತ್ತದೆ. ಕಟ್ಟಡದಿಂದ ಹೊರಗೆ ಹೋಗುವ ತಂತಿಗೆ ಆಪ್ಟೋಕಪ್ಲರ್ (ಎರಡು ಬದಿಗಳ ನಡುವೆ ತಂತಿಯ ಸಂಪರ್ಕವಿಲ್ಲದೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಬಳಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಿಸಿ 817 ಎಂಬ ಆಪ್ಟೋಕಪ್ಲರ್ ಎಲ್ಲೆಡೆ ಅಗ್ಗವಾಗಿ ಸಿಗುತ್ತದೆ, ಅದರ ಎರಡು ಬದಿಗಳ ನಡುವಿನ ಪ್ರತ್ಯೇಕತೆ 5000 ವೋಲ್ಟ್. ನಿಮ್ಮ 24 ವೋಲ್ಟಿಗೆ ಅದೇ 4.7 ಕಿಲೋಓಮ್ ರೆಸಿಸ್ಟರನ್ನು ಅದರ ಎಲ್‌ಇಡಿಯ ಸರಣಿಯಲ್ಲಿ ಹಾಕಿದರೆ 4.9 ಮಿಲಿಆಂಪಿನಷ್ಟು ಹರಿಯುತ್ತದೆ. ಇನ್ನೊಂದು ಬದಿಯ ಟ್ರಾನ್ಸಿಸ್ಟರ್ ಕನಿಷ್ಠ ಅದರ ಅರ್ಧದಷ್ಟನ್ನು ಎಳೆಯಬಲ್ಲದು; ಪಿನ್ನನ್ನು 5 ವೋಲ್ಟ್ ಕಡೆಗೆ ಎಳೆದಿಡುವ 10 ಕಿಲೋಓಮ್ ಪುಲ್‌ಅಪ್ಪಿಗೆ ಬೇಕಾಗುವುದು ಅರ್ಧ ಮಿಲಿಆಂಪ್ ಮಾತ್ರ, ಆದ್ದರಿಂದ ವರ್ಷಗಳ ನಂತರ ಎಲ್‌ಇಡಿ ಮಂದವಾದರೂ ಕೆಲಸ ನಿಲ್ಲುವುದಿಲ್ಲ. ಆ ಎಲ್‌ಇಡಿ ಹಿಮ್ಮುಖವಾಗಿ ತಾಳುವುದು 6 ವೋಲ್ಟ್ ಮಾತ್ರ, ಹಾಗಾಗಿ ಅದಕ್ಕೆ ಎದುರುಬದುರಾಗಿ ಒಂದು 1ಎನ್ 4148 ಡಯೋಡನ್ನು ತಪ್ಪದೆ ಹಾಕಿ. ತಂತಿ ಪೆಟ್ಟಿಗೆಯೊಳಗೆ ಬರುವ ಟರ್ಮಿನಲ್ಲಿನಲ್ಲೇ ಪಿ6ಕೆಇ 33ಎ ಎಂಬ ಟಿವಿಎಸ್ (ಕ್ಷಣಿಕ ವೋಲ್ಟೇಜ್ ಹೊಡೆತವನ್ನು ಹಿಡಿಯುವ) ಡಯೋಡನ್ನು ಜೋಡಿಸಿ. ಅದು ತನ್ನ ಪೂರ್ಣ ಸರ್ಜ್ ಕರೆಂಟಿನಲ್ಲೂ ವೋಲ್ಟೇಜನ್ನು 45.7ರೊಳಗೆ ಹಿಡಿಯುತ್ತದೆ, ಆಗ ಎಲ್‌ಇಡಿಯಲ್ಲಿ ಹರಿಯುವುದು 10 ಮಿಲಿಆಂಪಿಗಿಂತಲೂ ಕಡಿಮೆ. ಎಲ್‌ಇಡಿಯ ಮಿತಿ 50 ಮಿಲಿಆಂಪ್. ಇಷ್ಟೆಲ್ಲ ಮಾಡಿದ ಮೇಲೆ 24 ವೋಲ್ಟಿನ ಗ್ರೌಂಡನ್ನೂ ಬೋರ್ಡಿನ ಗ್ರೌಂಡನ್ನೂ ಒಂದೇ ತಂತಿಯಿಂದ ಸೇರಿಸಿಬಿಡುವವರನ್ನು ಕಂಡಾಗ ನನಗೆ ನೋವಾಗುತ್ತದೆ, ಏಕೆಂದರೆ ಆ ಒಂದು ತುಂಡು ತಂತಿಯಿಂದ ಪ್ರತ್ಯೇಕತೆಯೆಲ್ಲ ವ್ಯರ್ಥವಾಗುತ್ತದೆ. ಎರಡಕ್ಕೂ ಬೇರೆ ಬೇರೆ ಸರಬರಾಜು ಇರಲಿ. ಸಿಡಿಲು ನೇರವಾಗಿ ತಂತಿಗೇ ಬಡಿದರೆ ಇದಾವುದೂ ತಡೆಯುವುದಿಲ್ಲ ಎಂಬುದೂ ತಿಳಿದಿರಲಿ.

ಪ್ರಶ್ನೆ (ದಾವಣಗೆರೆಯಿಂದ, ಎಂಜಿನಿಯರಿಂಗ್ ವಿದ್ಯಾರ್ಥಿನಿ): ನನ್ನ ಪ್ರಾಜೆಕ್ಟಿನಲ್ಲಿ 0ಯಿಂದ 10 ವೋಲ್ಟ್ ಕೊಡುವ ಒತ್ತಡದ ಸೆನ್ಸರನ್ನು ಇಎಸ್‌ಪಿ 32 ಎಂಬ 3.3 ವೋಲ್ಟಿನ ಮೈಕ್ರೋಕಂಟ್ರೋಲರಿನ ಅನಲಾಗ್ ಪಿನ್ನಿನಿಂದ ಓದಬೇಕಾಗಿದೆ. ಇಲ್ಲಿ ಸಾಮಾನ್ಯ ಆಪ್ಟೋಕಪ್ಲರ್ ಅಳತೆಯನ್ನು ಕೆಡಿಸುತ್ತದೆ. 3.3 ವೋಲ್ಟಿನ ಝೀನರ್ ಬಳಸಬಹುದೇ?

ಉತ್ತರ: ದಯವಿಟ್ಟು ಬಳಸಬೇಡಿ. ಕಡಿಮೆ ವೋಲ್ಟಿನ ಝೀನರುಗಳು ಒಂದು ಗೆರೆ ದಾಟಿದ ಕೂಡಲೇ ತೆರೆಯುವಂಥವಲ್ಲ, ಬಹಳ ಮೊದಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಸೋರುತ್ತವೆ. ಅಂಗಡಿಯಲ್ಲಿ ಸಿಗುವ 1ಎನ್ 4728ಎಗೆ 3.3 ವೋಲ್ಟ್ ಎಂದು ಬರೆದಿರುವುದು 76 ಮಿಲಿಆಂಪ್ ಹರಿಯುವಾಗಿನ ಲೆಕ್ಕ. 1 ಮಿಲಿಆಂಪಿನಲ್ಲಿ ಅದು ತೋರಿಸುವುದು ಅದಕ್ಕಿಂತ ಸಾಕಷ್ಟು ಕಡಿಮೆ. ನಿಮ್ಮ ಅಳತೆಯ ಮೇಲ್ಭಾಗವೆಲ್ಲ ಚಪ್ಪಟೆಯಾಗುತ್ತದೆ.

33 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರುಗಳಿಂದ 10 ವೋಲ್ಟನ್ನು 2.33 ವೋಲ್ಟಿಗೆ ಇಳಿಸಿ, ಅವು ಕೂಡುವ ಬಿಂದುವಿನಲ್ಲಿ ಬಿಎಟಿ 54ಎಸ್ ಎಂಬ ಜೋಡಿ ಶಾಟ್ಕಿ (ಸಾಮಾನ್ಯ ಡಯೋಡಿಗಿಂತ ಕಡಿಮೆ ವೋಲ್ಟೇಜಿಗೇ ತೆರೆಯುವ) ಡಯೋಡನ್ನು 3.3 ವೋಲ್ಟ್ ಸಾಲಿಗೂ ಗ್ರೌಂಡಿಗೂ ನಡುವೆ ಇರಿಸಿ, ಪಿನ್ನಿಗೆ ಹತ್ತಿರವಾಗಿ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಕೂರಿಸಿ. ಯಾರಾದರೂ ಸೆನ್ಸರಿನ ಜಾಗಕ್ಕೆ ತಪ್ಪಿ 24 ವೋಲ್ಟ್ ಜೋಡಿಸಿದರೂ ಡಯೋಡಿನಲ್ಲಿ ಹರಿಯುವುದು ಕಾಲು ಮಿಲಿಆಂಪಿನಷ್ಟೇ. ಶಾಟ್ಕಿ ಡಯೋಡಿನ ಸೋರಿಕೆ ಬಿಸಿಯೇರಿದಂತೆ ಹೆಚ್ಚುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಮುಚ್ಚಿದ ಕಬ್ಬಿಣದ ಪೆಟ್ಟಿಗೆಯನ್ನು ಬಿಸಿಲಿಗೆ ಇಟ್ಟರೆ ಅಳತೆ ಕೆಲವು ಮಿಲಿವೋಲ್ಟ್ ಸರಿಯಬಹುದು, ಆದ್ದರಿಂದ ಅದನ್ನು ನೆರಳಿಗೆ ಕಟ್ಟಿ.

ಹಲವರು ಮರೆಯುವ ವಿಷಯವೊಂದಿದೆ: ಡಯೋಡ್ ಹಿಡಿದ ಕರೆಂಟು 3.3 ವೋಲ್ಟ್ ಸಾಲಿಗೆ ಹೋಗುತ್ತದೆ. ಸಾಮಾನ್ಯ ರೆಗ್ಯುಲೇಟರು ಕರೆಂಟನ್ನು ಕೊಡಬಲ್ಲದೇ ಹೊರತು ಹಿಂದಕ್ಕೆ ಪಡೆಯಲಾರದು. ಬೋರ್ಡು ನಿದ್ರೆಯಲ್ಲಿದ್ದು ಕೆಲವೇ ಮೈಕ್ರೋಆಂಪ್ ಬಳಸುತ್ತಿದ್ದರೆ ಆ ಸಾಲೇ ಮೇಲೇರಿ, ಪಿನ್ನನ್ನು ಉಳಿಸಿದ ಡಯೋಡು ಇಡೀ ಚಿಪ್ಪನ್ನು ಕಳೆಯಬಹುದು. ವಿದ್ಯುತ್ ತೆಗೆದಿದ್ದಾಗ ಸೆನ್ಸರ್ ಮಾತ್ರ ಚಾಲೂ ಇದ್ದರೆ ಇದೇ ದಾರಿಯಿಂದ ಚಿಪ್ಪು ಅರೆಜೀವವಾಗಿ ಎಚ್ಚೆತ್ತು ವಿಚಿತ್ರವಾಗಿ ವರ್ತಿಸುತ್ತದೆ. ಮೇಲಿನ ಕಾಲು ಮಿಲಿಆಂಪನ್ನು ನುಂಗಲು ಸಾಲಿನಿಂದ ಗ್ರೌಂಡಿಗೆ 4.7 ಕಿಲೋಓಮಿನ ಒಂದು ರೆಸಿಸ್ಟರ್ ಸಾಕು.

ಪ್ರಶ್ನೆ (ಚಳ್ಳಕೆರೆಯಿಂದ): ಶಾಟ್ಕಿ ಸಿಗದಿದ್ದರೆ 1ಎನ್ 4148 ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ, ಆದರೆ ಅದು ತೆರೆಯುವ ವೋಲ್ಟೇಜೂ ಒಳಗಿನ ಡಯೋಡಿನದೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಕರೆಂಟು ಎರಡರಲ್ಲೂ ಹಂಚಿಕೊಳ್ಳುತ್ತದೆ. ಹೊರಗಿನ ಡಯೋಡಿಗೂ ಪಿನ್ನಿಗೂ ನಡುವೆ ಇನ್ನೊಂದು 1 ಕಿಲೋಓಮ್ ರೆಸಿಸ್ಟರ್ ಹಾಕಿ. ಆಗ ಒಳಗೆ ಹೋಗುವುದು ಮಿಲಿಆಂಪಿನ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿ ನಿಲ್ಲುತ್ತದೆ.

ಮರುಪ್ರಶ್ನೆ (ಹೊಳಲ್ಕೆರೆಯವರಿಂದ): ಕೆಟ್ಟ ಪಿನ್ನನ್ನು ಬಿಟ್ಟು ಅದೇ ಬೋರ್ಡಿನ ಬೇರೆ ಪಿನ್ ಬಳಸಬಹುದೇ?

ಉತ್ತರ: ವಿದ್ಯುತ್ ತೆಗೆದು, ಎಲ್ಲ ತಂತಿಗಳನ್ನೂ ಬಿಡಿಸಿ, ಮಲ್ಟಿಮೀಟರನ್ನು ಡಯೋಡ್ ಪರೀಕ್ಷೆಯಲ್ಲಿಟ್ಟು ಕೆಂಪು ತುದಿಯನ್ನು ಗ್ರೌಂಡಿಗೂ ಕಪ್ಪು ತುದಿಯನ್ನು ಪಿನ್ನಿಗೂ ಹಿಡಿಯಿರಿ. ಸರಿಯಾದ ಪಿನ್ 0.5ರಿಂದ 0.7 ವೋಲ್ಟ್ ತೋರಿಸುತ್ತದೆ. ಪಕ್ಕದ ಪಿನ್ನುಗಳೊಂದಿಗೆ ಹೋಲಿಸಿ ನೋಡಿ. ಅವು ಸರಿಯಿದ್ದರೆ ಮೇಜಿನ ಮೇಲೆ ಕಲಿಯುವುದಕ್ಕೆ ಆ ಬೋರ್ಡು ಆದೀತು. ಆದರೆ ನೀರಿಲ್ಲದಾಗ ಪಂಪನ್ನು ನಿಲ್ಲಿಸಬೇಕಾದ ಜಾಗಕ್ಕೆ, ಒಳಗೆ ಒಮ್ಮೆ ಸುಟ್ಟ ಚಿಪ್ಪನ್ನು ನಾನಾದರೆ ಹಾಕುವುದಿಲ್ಲ. ನಿಮ್ಮ ಉನೊದಲ್ಲಿ ಚಿಪ್ಪು ಸಾಕೆಟ್ಟಿನಲ್ಲಿ ಕೂತಿದ್ದರೆ ಅದೊಂದನ್ನೇ ಬದಲಿಸಿ, ಪ್ರೋಗ್ರಾಮನ್ನು ಚಿಪ್ಪಿಗೆ ಇಳಿಸಿಕೊಳ್ಳಲು ಬೇಕಾದ ಬೂಟ್‌ಲೋಡರ್ ತುಂಬಿರುವ ಚಿಪ್ಪನ್ನೇ ಕೇಳಿ ಕೊಳ್ಳಿ.