ಕ್ರೊಯೇಷಿಯಾ ಕರಾವಳಿಲಿ ಊಟ ಎಲ್ಲಿ ಚೆನ್ನಾಗಿರತ್ತೆ? ಅಮ್ಮ ಪ್ಯೂರ್ ವೆಜ್

ಹಾಸನದವಳು:
ಎಲ್ರಿಗೂ ನಮಸ್ಕಾರ. ದಸರಾ ರಜೆಲಿ ಸ್ಪ್ಲಿಟ್‌ನಿಂದ ದುಬ್ರೋವ್ನಿಕ್‌ವರೆಗೂ ಕಾರಲ್ಲಿ ಹೋಗೋ ಪ್ಲಾನ್ ಇದೆ. ನಾನು, ನಮ್ಮನೆಯೋರು ಮೀನು ಮಾಂಸ ಎಲ್ಲಾ ತಿಂತೀವಿ, ಅಮ್ಮ ಮಾತ್ರ ಮೊಟ್ಟೆನೂ ಮುಟ್ಟಲ್ಲ. ನೆಟ್ಟಲ್ಲಿ ನೋಡಿದ್ರೆ ಎಲ್ಲಾ ಹೋಟ್ಲಿಗೂ ನಾಲ್ಕೂವರೆ ಸ್ಟಾರು, ಯಾವ್ದನ್ನ ನಂಬೋದು? ಅಮ್ಮಂಗೆ ದಿನಾ ಪಿಜ್ಜಾನೇ ಗತಿ ಆಗ್ಬಾರ್ದು ಅಷ್ಟೇ.

ಮೂಡಿಗೆರೆ ತೋಟ:
ನೋಡಿ, ಸ್ಪ್ಲಿಟ್‌ನ ರೀವಾ (ಸಮುದ್ರದ ಪಕ್ಕದ ವಾಕಿಂಗ್ ರಸ್ತೆ), ದುಬ್ರೋವ್ನಿಕ್‌ನ ಸ್ತ್ರಾದುನ್ (ಹಳೇ ಊರಿನ ಮುಖ್ಯ ಬೀದಿ), ಇಲ್ಲೆಲ್ಲಾ ಕೂತು ಕಾಫಿ ಕುಡೀರಿ, ಊಟಕ್ಕೆ ಮಾತ್ರ ಹಿಂದಿನ ಗಲ್ಲಿಗಳಿಗೆ ಹೋಗಿ. ಸ್ಪ್ಲಿಟ್‌ನಲ್ಲಿ ರೀವಾ ಹಿಂದೇನೇ ವಾರೋಶ್ ಅಂತ ಹಳೇ ಏರಿಯಾ ಇದೆ, ಕಲ್ಲಿನ ಮನೆಗಳು, ಅಲ್ಲಿ ಕೊನೋಬಾ ಅಂತ ಬೋರ್ಡ್ ಇರೋ ಚಿಕ್ಕ ಹೋಟ್ಲು ಹುಡುಕಿ. ಬಾಗಿಲಲ್ಲಿ ನಿಂತು ಕರೆಯೋರು, ಹತ್ತು ಭಾಷೇಲಿ ಫೋಟೋ ಮೆನು ಇದ್ರೆ ಮುಂದಕ್ಕೆ ಹೋಗ್ತಾ ಇರಿ. ಇನ್ನೊಂದು, ಅಲ್ಲಿನ ಕೆಲಸದವ್ರು ಹತ್ತು ಹನ್ನೊಂದು ಗಂಟೆಯಿಂದ ಮಧ್ಯಾಹ್ನದವರೆಗೂ ಮರೆಂದಾ ಅಂತ ತಿಂತಾರೆ, ಆವತ್ತು ಮಾಡಿದ ಎರಡು ಮೂರು ಐಟಂ ಅಷ್ಟೇ, ರಾತ್ರಿ ಊಟಕ್ಕಿಂತ ರೇಟ್ ಕಮ್ಮಿ, ರುಚಿನೂ ಅದೇ ನನಗೆ ಜಾಸ್ತಿ ಹಿಡಿಸ್ತು.

ಮೀನು ತಗೊಳ್ಳೋವಾಗ ಹುಷಾರು, ಮೆನುಲಿ ಕೇಜಿ ರೇಟು ಬರ್ದಿರ್ತಾರೆ, ತಟ್ಟೆದಲ್ಲ. ಮೀನು ತೋರಿಸಿ ತೂಕ ಮಾಡಿ ಎಷ್ಟಾಗತ್ತೆ ಅಂತ ಕೇಳಿ, ಯಾರೂ ಬೇಜಾರ್ ಮಾಡ್ಕೊಳ್ಳಲ್ಲ. ಪೇಕಾ ಅನ್ನೋ ಕೆಂಡದಲ್ಲಿ ಬೇಯಿಸೋ ಅಡುಗೆ ಬೇಕಂದ್ರೆ ಹಿಂದಿನ ದಿನವೇ ಹೇಳ್ಬೇಕು. ಕುರಿ ಅಥ್ವಾ ಆಕ್ಟೋಪಸ್ಸು, ಜೊತೆಗೆ ಆಲೂಗಡ್ಡೆ ಹಾಕಿ ಗಂಟೆಯಾಕಾರದ ಕಬ್ಬಿಣದ ಮುಚ್ಚಳ ಮುಚ್ಚಿ ಅದ್ರ ಮೇಲೆ ಕೆಂಡ ಸುರೀತಾರೆ, ಗಂಟೆಗಟ್ಲೆ ಬೇಯತ್ತೆ. ಆ ರಸ ಹೀರ್ಕೊಂಡ ಆಲೂಗಡ್ಡೆ ಇದ್ಯಲ್ಲ, ಅದಕ್ಕೋಸ್ಕರ ಇನ್ನೊಂದ್ಸಲ ಹೋಗ್ಬಹುದು ಮಾರಾಯ್ರೆ.

ಶಾಕಾಹಾರಿ ಚಿಕ್ಕಮಗಳೂರು:
ಅಮ್ಮನ ವಿಷ್ಯ ನಾನು ಹೇಳ್ತೀನಿ, ನಾವೂ ಅದೇ ಪೈಕಿ. ಸ್ಪ್ಲಿಟ್‌ನ ಹಳೇ ರೋಮನ್ ಅರಮನೆಯ ಪೂರ್ವದ ಗೋಡೆ ಪಕ್ಕ ಪಜಾರ್ ಅಂತ ತರಕಾರಿ ಮಾರ್ಕೆಟ್ಟಿದೆ, ಬೆಳಿಗ್ಗೆನೇ ಹೋಗಿ ಸೊಪಾರ್ನಿಕ್ ಕೇಳಿ. ತೆಳ್ಳಗೆ ಲಟ್ಟಿಸಿದ ಎರಡು ಹಾಳೆ ನಡುವೆ ಸೊಪ್ಪು ಈರುಳ್ಳಿ ತುಂಬಿ ಸುಟ್ಟು, ಮೇಲೆ ಆಲಿವ್ ಎಣ್ಣೆ ಬೆಳ್ಳುಳ್ಳಿ ಸವರಿರ್ತಾರೆ. ಮೊಟ್ಟೆ, ಹಾಲು ಏನೂ ಇಲ್ಲ. ಹೋಟ್ಲಲ್ಲಿ ಬ್ಲಿತ್ವಾ ಸಿಗತ್ತೆ, ಸೊಪ್ಪು ಆಲೂಗಡ್ಡೆ ಪಲ್ಯ. ಮೀನಿನ ಜೊತೆ ಕೊಡೋದು, ಬರೀ ಅದನ್ನೇ ಕೊಡಿ ಅಂದ್ರೆ ಕೊಡ್ತಾರೆ. ರಿಸೊಟ್ಟೋ, ಸೂಪಿಗೆ ಮಾಂಸದ ನೀರು ಹಾಕಿರ್ಬಹುದು, ಫ್ರೆಶ್ ಪಾಸ್ತಾದಲ್ಲಿ ಮೊಟ್ಟೆ ಇರತ್ತೆ, ಅದಕ್ಕೆ "ಬೆಜ್ ಮೆಸಾ, ಬೆಜ್ ರಿಬೆ, ಬೆಜ್ ಯಾಯಾ" ಅಂತ ಫೋನಲ್ಲಿ ಬರ್ದಿಟ್ಕೊಂಡು ತೋರಿಸಿ, ಮಾಂಸ ಮೀನು ಮೊಟ್ಟೆ ಬೇಡ ಅಂತ. ಚಟ್ನಿಪುಡಿ, ತುಪ್ಪ ಅಮ್ಮನ ಬ್ಯಾಗಲ್ಲಿರ್ಲಿ.

ಹಾಸನದವಳು:
ತುಂಬಾ ಥ್ಯಾಂಕ್ಸ್, ಸೊಪಾರ್ನಿಕ್ ಫೋಟೋ ನೋಡಿ ಅಮ್ಮ ಖುಷಿಯಾದ್ರು. ಸ್ಪ್ಲಿಟ್‌ನಿಂದ ದುಬ್ರೋವ್ನಿಕ್ ದಾರೀಲಿ ಮಧ್ಯಾಹ್ನ ಎಲ್ಲಿ ನಿಲ್ಸೋದು?

ಮೂಡಿಗೆರೆ ತೋಟ:
ಸ್ತೋನ್ ಅನ್ನೋ ಊರಲ್ಲಿ! ಬೋಸ್ನಿಯಾ ಒಳಗೆ ಹೋಗ್ದೇ ದಾಟೋಕೆ 2022ರಲ್ಲಿ ಪೆಲ್ಯೆಶಾತ್ಸ್ ಸೇತುವೆ ಆಯ್ತಲ್ಲ, ಆ ದಾರೀಲೇ ಬರತ್ತೆ. ಪಕ್ಕದ ಮಾಲಿ ಸ್ತೋನ್‌ನಲ್ಲಿ ಸಮುದ್ರದಲ್ಲೇ ಸಿಂಪಿ ಬೆಳೆಸ್ತಾರೆ, ನಿಂಬೆ ಹಿಂಡಿ ಹಸೀದೇ ತಿನ್ನೋದು, ನೀವಿಬ್ರೂ ಬಿಡ್ಬೇಡಿ. ಹಳೇ ರೋಡು ನೆಯೂಮ್ ಅನ್ನೋ ಊರಿನ ಮೇಲೆ ಬೋಸ್ನಿಯಾ ಒಳಗೆ ಹೋಗತ್ತೆ, ಕ್ರೊಯೇಷಿಯಾ 2023ರಿಂದ ಒಂದೇ ವೀಸಾ ನಡೆಯೋ ಯುರೋಪ್ ದೇಶಗಳ ಗುಂಪು ಷೆಂಗೆನ್‌ನಲ್ಲಿದೆ, ಬೋಸ್ನಿಯಾ ಅದ್ರಲ್ಲಿಲ್ಲ, ನಿಮ್ದು ಸಿಂಗಲ್ ಎಂಟ್ರಿ ವೀಸಾ ಆದ್ರೆ ವಾಪಸ್ ಬಿಡಲ್ಲ, ಜಿಪಿಎಸ್ ಆ ಕಡೆ ತೋರ್ಸಿದ್ರೂ ಸೇತುವೆ ಮೇಲೇ ಹೋಗಿ.